ಕೋಳಿ ಫಾರಂನಿಂದ ಮರಳಿ ಬಂದ ಟ್ರಂಬೋನ್



ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಧೂಳು ಹಿಡಿದ ಒಂದು ವಾದ್ಯದ ಪೆಟ್ಟಿಗೆ ಇದೆಯೇ? ಒಮ್ಮೆ ಧರ್ಮಕೇಂದ್ರದ ಹಬ್ಬದ ಮೆರವಣಿಗೆಯಲ್ಲಿ, ಮದುವೆ ಮನೆಗಳಲ್ಲಿ, ಸತ್ತವರನ್ನು ಭೂಸ್ಥಾಪನೆಗೆ ಒಯ್ಯುವಾಗ ಊದಿದ ತುತ್ತೂರಿಯೋ ಟ್ರಂಬೋನೋ ಅದರಲ್ಲಿ ಮಲಗಿರಬಹುದು. ಊದುತ್ತಿದ್ದವರು ನೀವೇ ಇರಬಹುದು, ನಿಮ್ಮ ತಂದೆ ಇರಬಹುದು, ಚಿಕ್ಕಪ್ಪ ಇರಬಹುದು. ಮದುವೆಯಾಯಿತು, ಮಕ್ಕಳಾದರು, ಕೆಲಸ ಬಂತು, ಸಾಲ ಬಂತು. ಪೆಟ್ಟಿಗೆಯ ಮುಚ್ಚಳ ಒಂದು ದಿನ ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ. ಈಗ ಯಾರಾದರೂ ಅದರ ಮಾತೆತ್ತಿದರೆ, ಅದೆಲ್ಲ ಹಳೆಯ ಕಥೆ ಬಿಡಿ ಎಂದು ನಕ್ಕು ಸುಮ್ಮನಾಗುತ್ತೇವೆ.

ಇಂಥ ಪೆಟ್ಟಿಗೆಯನ್ನು ಐವತ್ತು ದಾಟಿದ ಮೇಲೆ ಮತ್ತೆ ತೆರೆದ ಒಬ್ಬ ಮನುಷ್ಯನ ಬಾಳನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ. ಅವರ ಹೆಸರು ಎಡ್ವರ್ಡ್ ಓರಿ. ಜಗತ್ತು ಅವರನ್ನು ಕರೆದದ್ದು ಕಿಡ್ ಓರಿ ಎಂದು. ಕಿಡ್ ಎಂದರೆ ಪೋರ. ಎಂಬತ್ತಾರನೆಯ ವಯಸ್ಸಿನಲ್ಲಿ ಸತ್ತಾಗಲೂ ಅವರು ಪೋರನೇ ಆಗಿದ್ದರು. ಜಾಜ್ ಎಂಬ ಸಂಗೀತ ಹುಟ್ಟಿದ ಊರಿನಲ್ಲಿ, ಅದು ಹುಟ್ಟಿದ ಕಾಲದಲ್ಲಿ ಟ್ರಂಬೋನ್ ಊದಿದವರು ಅವರು. ಸಂತರಲ್ಲ, ಧರ್ಮಪ್ರಚಾರಕರೂ ಅಲ್ಲ. ನೃತ್ಯದ ಹಾಲುಗಳಲ್ಲಿ ಊದಿ ಹೊಟ್ಟೆ ಹೊರೆದವರು. ಆದರೂ ನಮ್ಮ ಕುಟುಂಬಗಳಿಗೆ ಅವರ ಬಾಳಿನಿಂದ ಕಲಿಯುವುದು ಸಾಕಷ್ಟಿದೆ.

ಕ್ರಿಸ್ತ ಜಯಂತಿಯ ಕೂಸು

ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಲಾಪ್ಲೇಸ್ ಎಂಬ ಊರಿದೆ. ಅದು ಇರುವ ಜಿಲ್ಲೆಯ ಹೆಸರೇ ಸ್ನಾನಿಕ ಸಂತ ಯೊವಾನ್ನರ ಪ್ಯಾರಿಷ್. ಆ ರಾಜ್ಯವನ್ನು ಮೊದಲು ಫ್ರೆಂಚರೂ ಆಮೇಲೆ ಸ್ಪೇನಿನವರೂ ಆಳಿದ್ದರಿಂದ, ಬೇರೆ ರಾಜ್ಯಗಳಲ್ಲಿ ಕೌಂಟಿ ಎನ್ನುವುದನ್ನು ಅಲ್ಲಿ ಇಂದಿಗೂ ಪ್ಯಾರಿಷ್ ಎನ್ನುತ್ತಾರೆ. ಅಂಥವು ಒಟ್ಟು 64 ಇವೆ. ಕಥೋಲಿಕ ಧರ್ಮಸಭೆಯ ಗುರುತು ಅಲ್ಲಿನ ಭೂಪಟದ ಮೇಲೇ ಉಳಿದಿದೆ.

ಲಾಪ್ಲೇಸಿನ ವುಡ್‌ಲ್ಯಾಂಡ್ ಎಂಬ ಕಬ್ಬಿನ ತೋಟದಲ್ಲಿ 1886ರ ಡಿಸೆಂಬರ್ 25ರಂದು, ಕ್ರಿಸ್ತ ಜಯಂತಿಯ ದಿನವೇ, ಎಡ್ವರ್ಡ್ ಹುಟ್ಟಿದ. ತಂದೆ ಫ್ರೆಂಚ್ ಮೂಲದ ಬಿಳಿಯ. ತಾಯಿಯಲ್ಲಿ ಆಫ್ರಿಕದ ರಕ್ತವೂ ಇತ್ತು, ಬೇರೆ ಜನಾಂಗಗಳ ರಕ್ತವೂ ಇತ್ತು. ಇಂಥ ಮಿಶ್ರ ಕುಟುಂಬದವರನ್ನು ಅಲ್ಲಿ ಕ್ರಿಯೋಲರು ಎನ್ನುತ್ತಿದ್ದರು. ಅವರಲ್ಲಿ ಹೆಚ್ಚಿನವರು ಕಥೋಲಿಕರು. ಮನೆಮಾತು ಇಂಗ್ಲಿಷ್ ಅಲ್ಲ, ಫ್ರೆಂಚ್. ಆದರೆ ಕಾನೂನಿನ ಕಣ್ಣಿಗೆ, ಊರಿನ ಕಣ್ಣಿಗೆ ಎಡ್ವರ್ಡ್ ಕರಿಯರ ಪಂಕ್ತಿಗೆ ಸೇರಿದವನು.

ಆ ತೋಟದ ನೆಲಕ್ಕೂ ಒಂದು ನೆನಪಿತ್ತು. 1811ರ ಜನವರಿಯಲ್ಲಿ ಗುಲಾಮರು ಅಲ್ಲಿಂದಲೇ ದಂಗೆ ಎದ್ದು ನ್ಯೂ ಆರ್ಲಿಯನ್ಸ್ ನಗರದ ಕಡೆಗೆ ನಡೆದಿದ್ದರು. ಅಮೆರಿಕದ ಚರಿತ್ರೆಯಲ್ಲಿ ಗುಲಾಮರ ಅತಿ ದೊಡ್ಡ ದಂಗೆ ಅದು. ಕೆಲವೇ ದಿನಗಳಲ್ಲಿ ಅದನ್ನು ಅಡಗಿಸಿ, ಸತ್ತವರ ತಲೆಗಳನ್ನು ನದಿಯ ದಾರಿಯುದ್ದಕ್ಕೂ ಕಂಬಗಳ ಮೇಲೆ ನಿಲ್ಲಿಸಲಾಯಿತು. ಎಡ್ವರ್ಡ್ ಹುಟ್ಟುವಾಗ ಗುಲಾಮಗಿರಿ ಹೋಗಿ ಇಪ್ಪತ್ತು ವರ್ಷ ದಾಟಿತ್ತು, ಕಬ್ಬು ಕಡಿಯುವ ಬೆನ್ನುಗಳು ಮಾತ್ರ ಅವೇ ಇದ್ದವು.

ಸಂಗೀತದ ಹುಚ್ಚು ಹಿಡಿದ ಹುಡುಗನ ಕೈಯಲ್ಲಿ ಕಾಸಿರಲಿಲ್ಲ. ಅವನೂ ಅವನ ಗೆಳೆಯರೂ ಮೊದಲು ರಾತ್ರಿ ಹೊತ್ತು ಸೇತುವೆಯ ಮೇಲೆ ನಿಂತು, ಒಬ್ಬೊಬ್ಬರು ಒಂದೊಂದು ವಾದ್ಯದ ಪಾಲು ಹಿಡಿದು ಬಾಯಲ್ಲೇ ಗುನುಗುತ್ತಿದ್ದರು. ಆಮೇಲೆ ಸಿಗಾರ್ ಡಬ್ಬಿ ಮುಂತಾದ ಕೈಗೆ ಸಿಕ್ಕ ಸಾಮಾನಿನಲ್ಲಿ ತಾವೇ ವಾದ್ಯ ಮಾಡಿಕೊಂಡರು. ಮೀನು ಹುರಿದು ಮಾರುವ ಕೂಟ ನಡೆಸಿ, ಅಲ್ಲೇ ನುಡಿಸಿ, ಬಂದ ಕಾಸು ಕೂಡಿಟ್ಟು ನಿಜವಾದ ವಾದ್ಯಗಳನ್ನು ಕೊಂಡರು. ಎಡ್ವರ್ಡ್ ಮೊದಲು ಬ್ಯಾಂಜೋ ಮೀಟಿದ, ಆಮೇಲೆ ಟ್ರಂಬೋನ್ ಹಿಡಿದ.

ಒಮ್ಮೆ ನ್ಯೂ ಆರ್ಲಿಯನ್ಸಿನ ಅಕ್ಕನ ಮನೆಗೆ ಬಂದವನು ಆಗಷ್ಟೇ ಕೊಂಡ ಹೊಸ ಟ್ರಂಬೋನನ್ನು ಊದಿ ನೋಡುತ್ತಿದ್ದ. ಅದನ್ನು ಕೇಳಿ ಬಂದವರು ಬಡ್ಡಿ ಬೋಲ್ಡನ್, ಆ ಊರಿನ ಅತಿ ಹೆಸರಾದ ಕಾರ್ನೆಟ್ ವಾದಕ. ತಮ್ಮ ಬ್ಯಾಂಡಿಗೆ ಬರುವಂತೆ ಹುಡುಗನನ್ನು ಕರೆದರು. ಅಕ್ಕ ಒಪ್ಪಲಿಲ್ಲ, ತಮ್ಮನಿಗೆ ಇನ್ನೂ ವಯಸ್ಸು ಸಾಲದು ಎಂದಳು. ಅಷ್ಟು ದೊಡ್ಡವರ ಕರೆ ಕೈತಪ್ಪಿದರೂ ಹುಡುಗ ಊರಿಗೆ ಹಿಂದಿರುಗಿದ. ಮನೆಯ ಹೊಣೆ ಅವನ ಮೇಲಿತ್ತು. ಇಪ್ಪತ್ತೊಂದು ತುಂಬುವವರೆಗೆ ಲಾಪ್ಲೇಸನ್ನು ನೆಲೆ ಮಾಡಿಕೊಂಡೇ ಇದ್ದು, ಆಮೇಲೆ ತನ್ನ ಬ್ಯಾಂಡನ್ನು ಕಟ್ಟಿಕೊಂಡು ನಗರಕ್ಕೆ ಹೋದ. ಓದುಗರೇ, ಇದನ್ನು ನೆನಪಿನಲ್ಲಿಡಿ. ಮನೆಗಾಗಿ ಸಂಗೀತವನ್ನು ಕಾಯಿಸಿದ್ದು ಅವರ ಬಾಳಿನಲ್ಲಿ ಇದು ಮೊದಲ ಸಲ. ಕೊನೆಯ ಸಲವಲ್ಲ.

ಗಾಡಿಯ ಹಿಂಬದಿಯ ಜಾಗ

ಟ್ರಂಬೋನನ್ನು ನೀವು ನೋಡಿರುತ್ತೀರಿ. ಸುರುಳಿ ಬಿಡಿಸಿದರೆ ಸುಮಾರು ಒಂಬತ್ತು ಅಡಿ ಉದ್ದದ ಹಿತ್ತಾಳೆ ಕೊಳವೆ. ಹೆಚ್ಚಿನ ಟ್ರಂಬೋನುಗಳಲ್ಲಿ ತುತ್ತೂರಿಯಂತೆ ಒತ್ತುವ ಗುಂಡಿಗಳಿಲ್ಲ. ಒಂದರೊಳಗೊಂದು ಜಾರುವ ಕೊಳವೆಯನ್ನು ತೋಳುದ್ದಕ್ಕೆ ಚಾಚಿ ಎಳೆದು ಏಳು ನೆಲೆಗಳಲ್ಲಿ ನಿಲ್ಲಿಸಬೇಕು. ಯಾವ ನೆಲೆ ಎಲ್ಲಿದೆ ಎಂಬುದಕ್ಕೆ ಗುರುತಿಲ್ಲ. ಕಿವಿ ಹೇಳಬೇಕು, ತೋಳು ಕೇಳಬೇಕು.

ಆ ಕಾಲದ ನ್ಯೂ ಆರ್ಲಿಯನ್ಸಿನಲ್ಲಿ ನೃತ್ಯಕೂಟದ ಪ್ರಚಾರಕ್ಕೆ ಬ್ಯಾಂಡನ್ನು ಕುದುರೆ ಗಾಡಿಯಲ್ಲಿ ಕೂರಿಸಿ ಬೀದಿಬೀದಿ ಸುತ್ತಿಸುತ್ತಿದ್ದರು. ಟ್ರಂಬೋನಿನವನು ಒಳಗೆ ಕುಳಿತರೆ ಕೊಳವೆ ಪಕ್ಕದವನ ಬೆನ್ನಿಗೆ ತಾಗುತ್ತಿತ್ತು. ಆದ್ದರಿಂದ ಗಾಡಿಯ ಹಿಂಬದಿಯ ಹಲಗೆಯನ್ನು ಇಳಿಸಿ ಅಲ್ಲಿ ಅವನನ್ನು ಕೂರಿಸುತ್ತಿದ್ದರು. ಅದರಿಂದಲೇ ಆ ಬಗೆಯ ವಾದನಕ್ಕೆ ಟೇಲ್‌ಗೇಟ್ ಎಂಬ ಹೆಸರು ಬಂತು. ಓರಿಯವರು ಅದರ ಗುರು. ತುತ್ತೂರಿ ಮುಖ್ಯ ರಾಗವನ್ನು ಹಿಡಿದರೆ, ಕ್ಲಾರಿನೆಟ್ ಮೇಲೆ ಹೆಣೆದರೆ, ಅವರು ಕೆಳಗಿನಿಂದ ಜಾರುವ ಸ್ವರಗಳಿಂದ ಎಲ್ಲರನ್ನೂ ಎತ್ತಿ ಹಿಡಿಯುತ್ತಿದ್ದರು. ಬ್ಯಾಂಜೋ ಮೀಟಿ ಕಲಿತ ತಾಳದ ಬಿಗಿ ಅವರ ಊದಿನಲ್ಲೂ ಇತ್ತು ಎನ್ನುತ್ತಾರೆ. ಮುಂದೆ ನಿಂತು ಮೆರೆಯುವ ಕೆಲಸವಲ್ಲ ಅದು. ಹಿಂದೆ ಕುಳಿತು ಭಾರ ಹೊರುವ ಕೆಲಸ. ಮನೆ ನಡೆಸುವವರಿಗೆ ಅದರ ಬೆಲೆ ಗೊತ್ತು.

1910ರ ದಶಕದಲ್ಲಿ ಅವರ ಬ್ಯಾಂಡಿಗೆ ಆ ನಗರದಲ್ಲಿ ದೊಡ್ಡ ಹೆಸರಿತ್ತು. ಕಾರ್ನೆಟ್ ಊದಲು ಕಿಂಗ್ ಆಲಿವರ್ ಇದ್ದರು. 1918ರಲ್ಲಿ ಆಲಿವರ್ ಶಿಕಾಗೊಗೆ ಹೊರಟಾಗ ಆ ಜಾಗಕ್ಕೆ ಓರಿಯವರು ಹದಿನೇಳರ ಒಬ್ಬ ಬಡ ಹುಡುಗನನ್ನು ತಂದರು. 1912ರ ವರ್ಷದ ಕೊನೆಯ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿ ಸಿಕ್ಕಿಬಿದ್ದು, ಬಾಲಾಪರಾಧಿಗಳ ಆಶ್ರಮ ಸೇರಿ, ಅಲ್ಲಿ ಕಾರ್ನೆಟ್ ಕಲಿತ ಹುಡುಗ ಅವನು. ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್. ಮುಂದೆ ಇಡೀ ಜಗತ್ತು ಆ ಹೆಸರನ್ನು ಬಲ್ಲದು. ಆರ್ಮ್‌ಸ್ಟ್ರಾಂಗ್ ತಾವು 1900ರ ಜುಲೈ 4ರಂದು ಹುಟ್ಟಿದವರೆಂದೇ ಬಾಳೆಲ್ಲ ಹೇಳಿಕೊಂಡರು. ಅವರು ಸತ್ತ ಎಷ್ಟೋ ವರ್ಷಗಳ ಮೇಲೆ ನ್ಯೂ ಆರ್ಲಿಯನ್ಸಿನ ಯೇಸುವಿನ ಪವಿತ್ರ ಹೃದಯದ ದೇವಾಲಯದ ಜ್ಞಾನಸ್ನಾನದ ದಾಖಲೆ ಪುಸ್ತಕ ನಿಜವನ್ನು ಹೇಳಿತು: ಹುಟ್ಟಿದ್ದು 1901ರ ಆಗಸ್ಟ್ 4, ಜ್ಞಾನಸ್ನಾನ ಅದೇ ತಿಂಗಳ 25. ನಮ್ಮ ಧರ್ಮಕೇಂದ್ರಗಳ ಹಳೆಯ ಪುಸ್ತಕಗಳನ್ನು ಗೆದ್ದಲಿಗೆ ಬಿಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

1919ರಲ್ಲಿ ಓರಿ ಲಾಸ್ ಏಂಜಲೀಸ್‌ಗೆ ಹೋದರು. 1922ರಲ್ಲಿ ಅಲ್ಲಿ ಅವರ ಬ್ಯಾಂಡ್ ಧ್ವನಿಮುದ್ರಿಸಿದ ತಟ್ಟೆಗಳು, ನ್ಯೂ ಆರ್ಲಿಯನ್ಸಿನ ಕರಿಯರ ಜಾಜ್ ಬ್ಯಾಂಡೊಂದು ಹೊರತಂದ ಮೊದಲ ತಟ್ಟೆಗಳೆಂದು ಹೆಸರಾಗಿವೆ. ಕಂಪನಿಯ ಚೀಟಿಯ ಮೇಲೆ ತಮ್ಮ ಬ್ಯಾಂಡಿನ ಚೀಟಿ ಅಂಟಿಸಿ ಅವನ್ನು ಮಾರಿದರು. 1925ರಲ್ಲಿ ಶಿಕಾಗೊಗೆ ಹೋದರು. ಒಮ್ಮೆ ತಾವು ಕೆಲಸ ಕೊಟ್ಟ ಹುಡುಗ ಆರ್ಮ್‌ಸ್ಟ್ರಾಂಗ್ ಈಗ ಮುಂದಾಳು, ತಾವು ಅವನ ಹಿಂದೆ ಊದುವವರು. ಅದಕ್ಕೆ ಅವರು ಹಿಂಜರಿಯಲಿಲ್ಲ. ಆ ವರ್ಷದ ನವೆಂಬರ್ 12ರಂದು ಆರ್ಮ್‌ಸ್ಟ್ರಾಂಗರ ಹಾಟ್ ಫೈವ್ ತಂಡದ ಮೊದಲ ಧ್ವನಿಮುದ್ರಣ ನಡೆಯಿತು. ಐದು ಜನರಲ್ಲಿ ಒಬ್ಬರು ಓರಿ. ಮುಂದಿನ ಫೆಬ್ರವರಿಯಲ್ಲಿ ಅವರ ಹೆಸರಿನಲ್ಲಿರುವ ಮಸ್ಕ್‌ರ‍್ಯಾಟ್ ರ‍್ಯಾಂಬಲ್ ಎಂಬ ಕೃತಿ ತಟ್ಟೆಯಾಯಿತು. ಜಾಜ್ ನುಡಿಸುವವರು ಅದನ್ನು ಇಂದಿಗೂ ನುಡಿಸುತ್ತಾರೆ.

ಕೋಳಿಗಳ ನಡುವೆ

ಇಷ್ಟಾದ ಮೇಲೆ ಎಲ್ಲವೂ ನಿಂತಿತು.

1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು. ಹೊಟ್ಟೆಗೇ ಇಲ್ಲದವರು ತಟ್ಟೆ ಕೊಳ್ಳುವುದೆಲ್ಲಿ ಬಂತು? 1927ರಲ್ಲಿ ಸುಮಾರು ಹತ್ತು ಕೋಟಿಯಷ್ಟು ಮಾರಾಟವಾಗುತ್ತಿದ್ದ ರೆಕಾರ್ಡುಗಳು 1932ರ ಹೊತ್ತಿಗೆ ಸುಮಾರು ಅರವತ್ತು ಲಕ್ಷಕ್ಕೆ ಇಳಿದವು. ಮಾತಾಡುವ ಸಿನಿಮಾ ಬಂದು, ಮೂಕಿ ಚಿತ್ರಗಳಿಗೆ ಥಿಯೇಟರಿನಲ್ಲಿ ನುಡಿಸುತ್ತಿದ್ದ ಸಾವಿರಾರು ವಾದಕರು ಬೀದಿಗೆ ಬಿದ್ದರು. ಅಭಿರುಚಿಯೂ ಬದಲಾಯಿತು. ಐದಾರು ಜನರ ಬ್ಯಾಂಡು ಹೋಗಿ, ಕಾಗದ ನೋಡಿ ನುಡಿಸುವ ಹದಿನೈದು ಜನರ ದೊಡ್ಡ ಬ್ಯಾಂಡುಗಳು ಬಂದವು. ಗಾಡಿಯ ಹಿಂಬದಿಯಲ್ಲಿ ಕುಳಿತು ಕಲಿತ ವಿದ್ಯೆ ಹಳತಾಯಿತು.

ಓರಿಯವರು ಲಾಸ್ ಏಂಜಲೀಸ್‌ಗೆ ಮರಳಿದರು. ಕೆಲವು ಕಾಲ ಅಲ್ಲಿ ಇಲ್ಲಿ ನುಡಿಸಿದರು. ಆಮೇಲೆ ವಾದ್ಯ ಕೆಳಗಿಟ್ಟು ತಮ್ಮ ಸಹೋದರನ ಜೊತೆ ಕೋಳಿ ಫಾರಂ ಹಾಕಿದರು. ಕೋಳಿ ಸಾಕಿದವರಿಗೆ ಗೊತ್ತು, ಅದು ಬಿಡುವು ಕೊಡುವ ಕೆಲಸವಲ್ಲ. ಬೆಳಕು ಹರಿಯುವ ಮೊದಲೇ ನೀರು, ಮೇವು. ಮೊಟ್ಟೆ ಆರಿಸಬೇಕು, ಗೊಬ್ಬರ ಎತ್ತಬೇಕು, ರೋಗ ಬಂದರೆ ರಾತ್ರಿಯೂ ಕಾಯಬೇಕು. ಆರ್ಮ್‌ಸ್ಟ್ರಾಂಗರ ಹೆಸರು ದೇಶದೇಶಗಳಲ್ಲಿ ಮೊಳಗುತ್ತಿದ್ದ ವರ್ಷಗಳಲ್ಲಿ, ಅವರಿಗೆ ಮೊದಲ ದೊಡ್ಡ ಕೆಲಸ ಕೊಟ್ಟವರು ಮೊಟ್ಟೆ ಎಣಿಸುತ್ತಿದ್ದರು. ಹೀಗೆ ಸುಮಾರು ಹತ್ತು ವರ್ಷ ಕಳೆಯಿತು. ನಲವತ್ತರ ಹರೆಯದಲ್ಲಿ ನಿಂತದ್ದು, ಐವತ್ತೈದು ಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಶುಭಸಂದೇಶದ ತಲೆಂತುಗಳ ಸಾಮತಿ ನಮಗೆಲ್ಲ ಗೊತ್ತು. ಒಡೆಯ ಕೊಟ್ಟದ್ದನ್ನು ನೆಲದಲ್ಲಿ ಹೂತಿಟ್ಟ ಆಳಿನ ಗತಿ ಏನಾಯಿತೆಂದು ಗುರುಗಳ ಪ್ರಬೋಧನೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದನ್ನು ಕೇಳುವಾಗ, ಒಂದು ಕಾಲಕ್ಕೆ ಹಾಡುತ್ತಿದ್ದವರು, ನುಡಿಸುತ್ತಿದ್ದವರು, ಚಿತ್ರ ಬರೆಯುತ್ತಿದ್ದವರು ಮನಸ್ಸಿನಲ್ಲೇ ತಲೆ ತಗ್ಗಿಸುತ್ತಾರೆ. ಆದರೆ ಸಾಮತಿಯನ್ನು ಸರಿಯಾಗಿ ಓದಿ. ಆ ಆಳು ಹೂತಿಟ್ಟದ್ದು ಹೆದರಿಕೆಯಿಂದ. ಮಕ್ಕಳ ಫೀಸಿಗಾಗಿ, ತಾಯಿಯ ಔಷಧಿಗಾಗಿ, ತಂಗಿಯ ಮದುವೆಗಾಗಿ ವಾದ್ಯವನ್ನು ಕೆಳಗಿಟ್ಟವರು ಆ ಆಳಿನ ಸಾಲಿಗೆ ಸೇರುವುದಿಲ್ಲ. ಓರಿಯವರು ಹೆದರಿ ಅಡಗಲಿಲ್ಲ; ದುಡಿಯಲು ಹೋದರು. ಕೋಳಿಗೆ ಮೇವು ಹಾಕಿದ ಕೈಗಳೂ ದೇವರ ಮುಂದೆ ಕೆಲಸ ಮಾಡಿದ ಕೈಗಳೇ. ಆ ಹತ್ತು ವರ್ಷ ದಂಡವಾಯಿತೆಂದು ಹೇಳಲು ನಾವು ಯಾರು?

ಮುಚ್ಚಳ ತೆರೆದ ದಿನ

1942ರ ಸುಮಾರಿಗೆ ಬಾರ್ನೆ ಬಿಗಾರ್ಡ್ ಎಂಬ ಕ್ಲಾರಿನೆಟ್ ವಾದಕರು ಲಾಸ್ ಏಂಜಲೀಸ್‌ನಲ್ಲಿ ನೆಲೆಸಿ ತಮ್ಮದೊಂದು ಬ್ಯಾಂಡ್ ಕಟ್ಟಿದರು. ಅವರೂ ನ್ಯೂ ಆರ್ಲಿಯನ್ಸಿನ ಕ್ರಿಯೋಲ್. ತಮ್ಮೂರಿನ ಹಿರಿಯರನ್ನು ಅವರು ಮರೆತಿರಲಿಲ್ಲ, ಓರಿಯವರನ್ನು ಕರೆದರು. ಓರಿಯವರು ಬಂದರು.

ಹೀಗೆ ಬರೆದರೆ ಎರಡು ವಾಕ್ಯದಲ್ಲಿ ಮುಗಿಯುತ್ತದೆ. ಆದರೆ ಊದುವಾದ್ಯ ಬಿಟ್ಟು ಮತ್ತೆ ಹಿಡಿದವರನ್ನು ಕೇಳಿ. ಹಿತ್ತಾಳೆ ವಾದ್ಯದಲ್ಲಿ ಸ್ವರ ಹುಟ್ಟುವುದು ಕೊಳವೆಯಲ್ಲಿ ಅಲ್ಲ, ತುಟಿಯಲ್ಲಿ. ಬಿಗಿಹಿಡಿದ ತುಟಿಗಳ ನಡುವೆ ಉಸಿರು ನುಗ್ಗಿ ಅವು ಕಂಪಿಸಬೇಕು. ತುಟಿಯ ಸುತ್ತಲ ಸ್ನಾಯು ದಿನವೂ ದುಡಿಯದಿದ್ದರೆ ಸಡಿಲಾಗುತ್ತದೆ. ವರ್ಷಗಳ ಮೇಲೆ ಮೊದಲ ದಿನ ಊದಿದವನಿಗೆ ಐದು ನಿಮಿಷಕ್ಕೇ ತುಟಿ ನಡುಗುತ್ತದೆ. ಮೇಲಿನ ಸ್ವರಗಳು ಹತ್ತಿರವೂ ಸುಳಿಯುವುದಿಲ್ಲ. ಉಸಿರು ಅರ್ಧದಲ್ಲೇ ಮುಗಿಯುತ್ತದೆ. ಜಾರುಕೊಳವೆಗೆ ಎಣ್ಣೆಯಿಲ್ಲದೆ ಅದು ಕಚ್ಚಿ ನಿಲ್ಲುತ್ತದೆ. ಎಲ್ಲಕ್ಕಿಂತ ಕಷ್ಟವೆಂದರೆ, ಕಿವಿಗೆ ಮಾತ್ರ ವಯಸ್ಸಾಗಿರುವುದಿಲ್ಲ. ತಾನು ಹಿಂದೆ ಹೇಗೆ ಊದುತ್ತಿದ್ದೆ ಎಂಬುದು ಅದಕ್ಕೆ ನೆನಪಿರುತ್ತದೆ. ಈಗ ಬರುವ ಕರ್ಕಶ ದನಿಯನ್ನೂ ಅದೇ ಕೇಳಬೇಕು. ಅಲ್ಲೇ ಹೆಚ್ಚಿನವರು ಮುಚ್ಚಳ ಮತ್ತೆ ಮುಚ್ಚುವುದು.

ಮದ್ದು ಒಂದೇ. ಕೆಳಗಿನ ಸ್ವರಗಳನ್ನು ಮೆಲ್ಲಗೆ, ಉದ್ದಕ್ಕೆ, ದಿನಕ್ಕೆ ಹತ್ತು ನಿಮಿಷ. ನೋವು ಬರುವ ಮೊದಲೇ ನಿಲ್ಲಿಸುವುದು. ನಾಳೆ ಮತ್ತೆ. ಒಂದೇ ದಿನ ಒಂದು ಗಂಟೆ ಊದುವುದಕ್ಕಿಂತ ಆರು ದಿನ ಹತ್ತತ್ತು ನಿಮಿಷ ಊದುವುದು ಲೇಸು. ಜಪಸರದ ಅಭ್ಯಾಸ ಬಿಟ್ಟುಹೋದ ಮನೆಗಳಿಗೂ ಇದೇ ಮಾತು ಸಲ್ಲುತ್ತದೆ ಎಂದರೆ ತಪ್ಪಾಗದು.

ಐದು ಬುಧವಾರಗಳು

1944ರಲ್ಲಿ ಸಿನಿಮಾ ನಿರ್ದೇಶಕ ಆರ್ಸನ್ ವೆಲ್ಸ್ ವಾರಕ್ಕೊಮ್ಮೆ ರೇಡಿಯೊ ಕಾರ್ಯಕ್ರಮ ನಡೆಸುತ್ತಿದ್ದರು. ಅದಕ್ಕೆ ಹಳೆಯ ನ್ಯೂ ಆರ್ಲಿಯನ್ಸಿನ ಸಂಗೀತ ಬೇಕಾಯಿತು. ಲಾಸ್ ಏಂಜಲೀಸ್‌ನಲ್ಲಿ ಚದುರಿಹೋಗಿದ್ದ ಹಿರಿಯರನ್ನು ಹುಡುಕಿ ಒಟ್ಟುಗೂಡಿಸಲಾಯಿತು. ತುತ್ತೂರಿಗೆ ಮಟ್ ಕ್ಯಾರಿ ಬಂದರು. ರೈಲಿನಲ್ಲಿ ಪ್ರಯಾಣಿಕರ ಸೇವೆಯ ಕೆಲಸ ಮಾಡಿ ಬದುಕುತ್ತಿದ್ದವರು. ಬಾಸ್‌ಗೆ ಎಡ್ ಗಾರ್ಲಂಡ್ ಬಂದರು. ಇವರಿಬ್ಬರೂ 1922ರ ತಟ್ಟೆಗಳಲ್ಲಿ ಓರಿಯವರ ಜೊತೆ ನುಡಿಸಿದವರು. ಕ್ಲಾರಿನೆಟ್‌ಗೆ ಜಿಮ್ಮಿ ನೂನ್. ಟ್ರಂಬೋನಿಗೆ ಓರಿ.

ಮಾರ್ಚ್ 15ರ ಬುಧವಾರ ಅವರ ಸಂಗೀತ ಮೊದಲ ಸಲ ದೇಶಕ್ಕೆಲ್ಲ ಕೇಳಿಸಿತು. ಕೇಳುಗರು ಮೆಚ್ಚಿದರು. ಮುಂದಿನ ವಾರವೂ ಕರೆದರು, ಅದರ ಮುಂದಿನ ವಾರವೂ ಕರೆದರು. ಪಾಸ್ಕ ಹಬ್ಬ ಆ ವರ್ಷ ಏಪ್ರಿಲ್ 9ಕ್ಕೆ ಬಂತು. ಹಬ್ಬ ಕಳೆದು ಹತ್ತನೆಯ ದಿನ, ಏಪ್ರಿಲ್ 19ರಂದು, ಕಾರ್ಯಕ್ರಮವಿದ್ದ ಬುಧವಾರವೇ ಜಿಮ್ಮಿ ನೂನ್ ತೀರಿಕೊಂಡರು. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಆ ಸಂಜೆ ಬ್ಯಾಂಡ್ ಸುಮ್ಮನಿರಲಿಲ್ಲ. ವೆಲ್ಸ್ ಸತ್ತವರ ಬಾಳನ್ನು ಕೇಳುಗರಿಗೆ ಹೇಳಿದರು. ಉಳಿದವರು ಅವರ ಹೆಸರಿನಲ್ಲಿ ಒಂದು ಶೋಕದ ಬ್ಲೂಸ್ ನುಡಿಸಿದರು. ಬಿಟ್ಟವರ ಮುಂದೆ ಹಾದಿ ಉದ್ದಕ್ಕೂ ಬಿದ್ದಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನೂನ್‌ಗೆ ಆ ಗೆಳೆಯರ ಜೊತೆ ಸಿಕ್ಕಿದ್ದು ಐದು ಬುಧವಾರ.

ಅದೇ ಆಗಸ್ಟಿನಲ್ಲಿ, ಅಮೆರಿಕದಲ್ಲಿ ಟರ್ಕಿ ದೇಶದ ರಾಯಭಾರಿಯಾಗಿದ್ದವರ ಮಗ ನೆಸುಹಿ ಎರ್ತೆಗುನ್, ಓರಿಯವರ ಬ್ಯಾಂಡಿಗಾಗಿಯೇ ಕ್ರೆಸೆಂಟ್ ಎಂಬ ರೆಕಾರ್ಡ್ ಕಂಪನಿ ತೆರೆದರು. ಯಾರೋ ದೂರದ ದೇಶದ ಯುವಕ, ಬೇರೆ ಮತದವನು, ಮುದುಕರ ಸಂಗೀತಕ್ಕೆ ಕೈಯಿಂದ ದುಡ್ಡು ಹಾಕಿದ. ಆ ತಟ್ಟೆಗಳಲ್ಲಿ ನೂನ್ ನೆನಪಿನ ಬ್ಲೂಸ್ ಇದೆ. ಓರಿಯವರು ಕ್ರಿಯೋಲ್ ಫ್ರೆಂಚಿನಲ್ಲಿ ಹಾಡಿದ ಹಾಡೂ ಇದೆ. ಐವತ್ತೇಳರ ವಯಸ್ಸಿನಲ್ಲಿ, ಹುಟ್ಟೂರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಆಡುವವರೇ ಕಡಿಮೆಯಾಗುತ್ತಿದ್ದ ಮನೆಮಾತು ಅವರ ಬಾಯಲ್ಲಿ ಮತ್ತೆ ಬಂತು. ಊದು ಮರಳಿದಾಗ ಜೊತೆಗೆ ಏನೇನೆಲ್ಲ ಮರಳುತ್ತದೆ ನೋಡಿ.

ಆಮೇಲಿನದು ಬೇಗ ಹೇಳಬಹುದು. 1947ರ ನ್ಯೂ ಆರ್ಲಿಯನ್ಸ್ ಎಂಬ ಸಿನಿಮಾದಲ್ಲಿ ಆರ್ಮ್‌ಸ್ಟ್ರಾಂಗರ ಜೊತೆ ಮತ್ತೆ ಕಾಣಿಸಿಕೊಂಡರು. ತಮ್ಮದೇ ಬ್ಯಾಂಡ್ ನಡೆಸಿದರು. 1956ರಲ್ಲಿ, 1959ರಲ್ಲಿ ಯೂರೋಪಿನ ಪ್ರವಾಸ ಮಾಡಿದರು. ಬಿಡುವಿಗೆ ಮುಂಚಿನ ಕಾಲಕ್ಕಿಂತ ಬಿಡುವಿನ ಆಮೇಲೆಯೇ ಅವರ ಹೆಸರು ಹೆಚ್ಚು ದೂರ ಹೋಯಿತು. 1966ರಲ್ಲಿ ನಿವೃತ್ತರಾಗಿ ಹವಾಯಿ ದ್ವೀಪಕ್ಕೆ ಹೋದರು. 1971ರಲ್ಲಿ ನ್ಯೂ ಆರ್ಲಿಯನ್ಸಿನ ಸಂಗೀತೋತ್ಸವಕ್ಕೆ ಒಮ್ಮೆ ಬಂದು ಹಳೆಯ ಊರನ್ನು ಕಂಡರು. 1973ರ ಜನವರಿ 23ರಂದು ಹೊನಲುಲುವಿನಲ್ಲಿ ಪ್ರಾಣ ಬಿಟ್ಟರು. ಅವರ ದೇಹವನ್ನು ಕ್ಯಾಲಿಫೋರ್ನಿಯಕ್ಕೆ ತಂದು, ಲಾಸ್ ಏಂಜಲೀಸ್ ಮಹಾಧರ್ಮಕ್ಷೇತ್ರದ ಪವಿತ್ರ ಶಿಲುಬೆಯ ಭೂಸ್ಥಾಪನಾ ಭೂಮಿಯಲ್ಲಿ ಇಡಲಾಯಿತು. ಕ್ರಿಸ್ತ ಜಯಂತಿಯಂದು ಶುರುವಾದ ಬಾಳು ಶಿಲುಬೆಯ ನೆರಳಿನಲ್ಲಿ ಮಲಗಿತು. ಅವರು ಹುಟ್ಟಿದ ತೋಟದ ಮನೆ ಇಂದಿಗೂ ಇದೆ. 2024ರಲ್ಲಿ ಗುಲಾಮರ ವಂಶಸ್ಥರ ಸಂಘಟನೆಯೊಂದು ಅದನ್ನು ಕೊಂಡಿತು.

ಹಲ್ಲಿಲ್ಲದ ಬಾಯಿಗೆ ತುತ್ತೂರಿ

ಓರಿಯವರೊಬ್ಬರೇ ಅಲ್ಲ. ಅದೇ ರಾಜ್ಯದ ನ್ಯೂ ಐಬೀರಿಯ ಎಂಬ ಊರಿನಲ್ಲಿ ಬಂಕ್ ಜಾನ್ಸನ್ ಎಂಬ ತುತ್ತೂರಿ ವಾದಕರಿದ್ದರು. 1931ರಲ್ಲಿ ಅವರು ನುಡಿಸುತ್ತಿದ್ದ ನೃತ್ಯಕೂಟದಲ್ಲಿ ಜಗಳ ನಡೆದು ಬ್ಯಾಂಡಿನ ಮುಖಂಡನ ಕೊಲೆಯಾಯಿತು. ಆ ಗಲಭೆಯಲ್ಲಿ ಜಾನ್ಸನ್ನರ ವಾದ್ಯ ಹಾಳಾಯಿತು. ಹಲ್ಲುಗಳೂ ಹೋದವು. ಮುಂದಿನ ಹಲ್ಲಿಲ್ಲದೆ ತುತ್ತೂರಿ ಊದುವಂತಿಲ್ಲ. ಕೂಲಿನಾಲಿ ಮಾಡಿ ಬದುಕಿದರು. 1939ರ ಹೊತ್ತಿಗೆ ಜಾಜ್ ಚರಿತ್ರೆ ಬರೆಯುತ್ತಿದ್ದ ಕೆಲವರು ಅವರನ್ನು ಪತ್ರದ ಮೂಲಕ ಪತ್ತೆ ಮಾಡಿದರು. ಸಂಗೀತಪ್ರಿಯರು ಚಂದಾ ಎತ್ತಿ ಅವರಿಗೆ ಹಲ್ಲಿನ ಸೆಟ್ಟನ್ನೂ ತುತ್ತೂರಿಯನ್ನೂ ಕೊಡಿಸಿದರು. 1942ರಲ್ಲಿ ಅವರ ಮೊದಲ ತಟ್ಟೆಗಳು ಹೊರಬಂದವು. 1949ರಲ್ಲಿ ಅವರು ಸಾಯುವವರೆಗೂ ಆ ಉಡುಗೊರೆ ವ್ಯರ್ಥವಾಗಲಿಲ್ಲ.

ಇಬ್ಬರ ಬಾಳಿನಲ್ಲೂ ಒಂದು ಮಾತು ಸಮನಾಗಿದೆ. ಮರಳಿ ಬರುವ ಧೈರ್ಯ ಅವರದೇ, ಆದರೆ ಬಾಗಿಲು ತಟ್ಟಿದವರು ಬೇರೆಯವರು. ಬಿಗಾರ್ಡ್ ಕರೆಯದಿದ್ದರೆ ಓರಿ ಮೊಟ್ಟೆ ಎಣಿಸುತ್ತಲೇ ಇರುತ್ತಿದ್ದರೇನೋ. ಯಾರೋ ಹಲ್ಲಿಗೆ ಹಣ ಕೊಡದಿದ್ದರೆ ಜಾನ್ಸನ್ನರ ಹೆಸರು ಮಣ್ಣಾಗುತ್ತಿತ್ತು.

ಆದ್ದರಿಂದ ಓದುಗರೇ, ಎರಡು ಮಾತು ಹೇಳಿ ಮುಗಿಸುತ್ತೇನೆ.

ಪೆಟ್ಟಿಗೆ ಮುಚ್ಚಿಟ್ಟವರು ನೀವಾಗಿದ್ದರೆ, ಮುಚ್ಚಿದ್ದಕ್ಕೆ ನಿಮ್ಮನ್ನು ನೀವು ಶಪಿಸಿಕೊಳ್ಳಬೇಡಿ. ಅದರ ಬೆಲೆಗೆ ನೀವು ಒಂದು ಸಂಸಾರವನ್ನು ಸಾಕಿದ್ದೀರಿ. ಈಗ ಮಕ್ಕಳು ದೊಡ್ಡವರಾಗಿದ್ದಾರೆ, ಸಾಲ ತೀರಿದೆ, ಸಂಜೆ ಹೊತ್ತು ಸ್ವಲ್ಪ ಬಿಡುವಿದೆ. ಮುಚ್ಚಳ ತೆರೆಯಿರಿ. ಮೊದಲ ದಿನ ಕೆಟ್ಟ ದನಿ ಬರುತ್ತದೆ, ಬರಲಿ. ನೆರೆಮನೆಯವರು ನಗಲಿ. ಹತ್ತು ನಿಮಿಷ ಸಾಕು. ಮುಂದಿನ ವರ್ಷದ ಹಬ್ಬದ ಮೆರವಣಿಗೆಗೆ ಇನ್ನೂ ಎಷ್ಟೋ ದಿನವಿದೆ. ಮುಂದಿನ ಸಾಲು ಬೇಡ, ಹಿಂದಿನ ಸಾಲೇ ಸಾಕು. ಓರಿಯವರು ಕುಳಿತದ್ದೂ ಹಿಂದೆಯೇ.

ಪೆಟ್ಟಿಗೆ ನಿಮ್ಮ ತಂದೆಯದೋ ಗಂಡನದೋ ಅತ್ತೆಯದೋ ಆಗಿದ್ದರೆ, ಬಾಗಿಲು ತಟ್ಟುವ ಕೆಲಸ ನಿಮ್ಮದು. ಆ ವಾದ್ಯವನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಈ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಅದನ್ನು ಕೆಳಗಿಳಿಸಿ, ಒರೆಸಿ, ಅವರ ತೊಡೆಯ ಮೇಲಿಡಿ. ಒಂದು ಸ್ವರ ಊದಿ ತೋರಿಸಿ ಎಂದು ಮೊಮ್ಮಕ್ಕಳಿಂದ ಕೇಳಿಸಿ. ಬೇಡ ಎನ್ನುತ್ತಾರೆ. ಎರಡನೆಯ ಸಲವೂ ಬೇಡ ಎನ್ನಬಹುದು. ಮೂರನೆಯ ಸಲ ಕೇಳಿ. ಕೊಡುವ ದೇವರು ಕೊಟ್ಟದ್ದನ್ನು ಅಷ್ಟು ಬೇಗ ಹಿಂದಕ್ಕೆ ಪಡೆಯುವುದಿಲ್ಲ. ಆದರೆ ಜಿಮ್ಮಿ ನೂನ್ ಅವರ ಐದು ಬುಧವಾರಗಳನ್ನೂ ನೆನಪಿಡಿ. ಕೇಳುವುದನ್ನು ಮುಂದಿನ ವರ್ಷಕ್ಕೆ ಇಡಬೇಡಿ.